ಉಪಕರಣಕ್ಕೆ ತಕ್ಕ ಪ್ರಶ್ನೆ
(ಸಂಘದ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ)



1868ರ ಆಗಸ್ಟ್ 18ರಂದು, ನಮ್ಮ ಜತ್ತಕ್ಕೆ ಬಹಳ ದೂರವಲ್ಲದ ಜಮಖಂಡಿಯಲ್ಲಿ ಪೂರ್ಣ ಸೂರ್ಯಗ್ರಹಣವು ಕಾಣಿಸಿತು. ಲೆಫ್ಟಿನೆಂಟ್ ಜಾನ್ ಹರ್ಷೆಲ್ ಎಂಬಾತನು ಮೋಡಗಳ ಸಂದಿನಲ್ಲಿ ಸೂರ್ಯನ ಅಂಚಿನ ಜ್ವಾಲೆಯನ್ನು ವರ್ಣಪಟಲದರ್ಶಕದಿಂದ ನೋಡಿದನು. ಕೆಂಪು, ಕಿತ್ತಳೆ, ನೀಲಿ, ಹೀಗೆ ಮೂರೇ ಗೆರೆಗಳು ಕಂಡವು. ಅಷ್ಟರಿಂದಲೇ ಆ ಜ್ವಾಲೆಯು ಕಾದ ಅನಿಲವೆಂದು ಸ್ಥಿರಪಟ್ಟಿತು. ಆ ಕಿತ್ತಳೆ ಗೆರೆಯು ಹೀಲಿಯಂ ಧಾತುವಿನದೆಂಬುದು ತರುವಾಯ ತಿಳಿಯಿತು. ಉಪಕರಣವು ಕಿರಿದು, ಕೇಳಿದ ಪ್ರಶ್ನೆಯು ಅದಕ್ಕೆ ತಕ್ಕುದಾಗಿತ್ತು.

ಇಂದು ಇದನ್ನು ನೆನೆಯಲು ಕಾರಣವುಂಟು. ನೈನಿತಾಲದ ಆರ್ಯಭಟ ಸಂಶೋಧನಾ ಸಂಸ್ಥೆಯವರು ಸ್ವದೇಶದಲ್ಲಿಯೇ ನಿರ್ಮಿಸಿದ ವರ್ಣಪಟಲಲೇಖಕವೊಂದು ದೇವಸ್ಥಳದ 3.6 ಮೀಟರ್ ದೂರದರ್ಶಕಕ್ಕೆ ಜೋಡಣೆಯಾಗಿದೆ. ಅದು ಅಲ್ಪ ವಿಭೇದನದ ಉಪಕರಣ. ಬೆಳಕನ್ನು ಬಣ್ಣಗಳಾಗಿ ಬಿಡಿಸುತ್ತದೆಯಾದರೂ ಅತಿ ಸೂಕ್ಷ್ಮವಾಗಿ ಬಿಡಿಸದು. ‘ಅಲ್ಪ’ವೆಂದೊಡನೆ ಹೀನವೆಂದು ಎಣಿಸಲಾಗದು. ಒಂದು ಸೇರು ಬೀಜವನ್ನು ಊರಗಲದ ಹೊಲಕ್ಕೆ ಚೆಲ್ಲಿದರೆ ಪೈರು ಕಾಣದು. ಒಂದು ಮಡಿಗೆ ಬಿತ್ತಿದರೆ ಹಸುರು ಕಣ್ಣಿಗೆ ಬೀಳುತ್ತದೆ. ಮಂಕಾದ ತಾರೆಯ ಬೆಳಕಿನ ಗತಿಯೂ ಅದೇ.

ಆದುದರಿಂದ ಇಂಥ ಉಪಕರಣಕ್ಕೆ ಯಾವ ಕೆಲಸ ಕೊಡಬೇಕೆಂಬುದನ್ನು ಮೊದಲೇ ಯೋಚಿಸಬೇಕು. ವಿಭೇದನ ಶಕ್ತಿಯು 1000 ಎಂದರೆ, 6000 ಆಂಗ್‌ಸ್ಟ್ರಮ್ ಬಳಿ 6 ಆಂಗ್‌ಸ್ಟ್ರಮ್ ಅಂತರದ ಗೆರೆಗಳನ್ನು ಬೇರೆಯಾಗಿ ಕಾಣಬಹುದು. ಗ್ರಹದ ಸೆಳೆತದಿಂದ ತಾರೆಯು ಸೆಕೆಂಡಿಗೆ ಕೆಲವೇ ಮೀಟರು ಅಲುಗುವುದನ್ನು ಇದರಿಂದ ಅಳೆಯಹೊರಟರೆ ರಾತ್ರಿಗಳು ವ್ಯರ್ಥ. ಸ್ಫೋಟಗೊಂಡ ತಾರೆಯ ಮಾತೇ ಬೇರೆ. ಅದರ ದ್ರವ್ಯವು ಸೆಕೆಂಡಿಗೆ ಸುಮಾರು 10,000 ಕಿಲೋಮೀಟರು ವೇಗದಿಂದ ಚಿಮ್ಮುವುದರಿಂದ ಗೆರೆಗಳು 200 ಆಂಗ್‌ಸ್ಟ್ರಮ್‌ನಷ್ಟು ಹರಡುತ್ತವೆ. ಜಲಜನಕವಿದೆಯೇ, ಸಿಲಿಕಾನ್ ಇದೆಯೇ ಎಂಬುದನ್ನು ನೋಡಿ ಸ್ಫೋಟದ ಜಾತಿಯನ್ನು ಹೇಳಲು ಅಲ್ಪ ವಿಭೇದನವೇ ಸಾಕು.

ಆದರೆ ಸ್ಫೋಟವು ನಮ್ಮ ವೇಳಾಪಟ್ಟಿಗೆ ಕಾಯುವುದಿಲ್ಲ. 2023ರ ಮೇ 19ರಂದು ಜಪಾನಿನ ಇಟಗಾಕಿಯವರು ಮೆಸ್ಸಿಯೇ 101 ಗೆಲಾಕ್ಸಿಯಲ್ಲಿ ಇಂಥದೊಂದನ್ನು ಕಂಡರು. ಲಡಾಖಿನ ಹಾನ್ಲೆಯಲ್ಲಿರುವ, ಬೆಂಗಳೂರಿನ ಬಳಿಯ ಹೊಸಕೋಟೆಯಿಂದಲೇ ನಡೆಸಲ್ಪಡುವ 2 ಮೀಟರ್ ದೂರದರ್ಶಕವು ಕೂಡಲೇ ಅತ್ತ ತಿರುಗಿತು. ಸಾಯುವ ಮುನ್ನ ತಾರೆಯು ಉಗುಳಿದ್ದ ಅನಿಲದ ಗುರುತಾದ ಗೆರೆಗಳು ಸುಮಾರು ಒಂದು ವಾರದಲ್ಲಿ ಅಳಿಸಿಹೋದವು. ಕಾಲಾವಕಾಶವನ್ನು ಮೊದಲೇ ಕಾದಿರಿಸದಿದ್ದರೆ ಆ ಸಾಕ್ಷಿಯು ಎಂದೆಂದಿಗೂ ಕೈತಪ್ಪುತ್ತಿತ್ತು. ಆದಕಾರಣ ಯೋಜನೆಯಲ್ಲಿ ಮೂರು ಅಂಶಗಳಿರಬೇಕು: ಉಪಕರಣಕ್ಕೆ ಒಗ್ಗುವ ಪ್ರಶ್ನೆ, ಅಳತೆಯನ್ನು ಸರಿನೋಡಲು ದೀಪವೂ ಪರಿಚಿತ ತಾರೆಗಳೂ, ಅನಿರೀಕ್ಷಿತ ಅತಿಥಿಗಾಗಿ ಮೀಸಲಾದ ವೇಳೆ.

ಬಂಧುಗಳೇ, ಗಡಿನಾಡಿನ ನಮ್ಮ ಕನ್ನಡ ಶಾಲೆಗಳ ಸಲಕರಣೆಯೂ ಅಲ್ಪವೇ. ಅದಕ್ಕಾಗಿ ಮಕ್ಕಳನ್ನು ಬೇರೆ ಮಾಧ್ಯಮಕ್ಕೆ ಕಳುಹಿಸಬೇಕೇ ಎಂದು ಹಲವರು ನಮ್ಮನ್ನು ಕೇಳುತ್ತಾರೆ. ನಾವು ಸಂಘದವರಲ್ಲಿ ಬೇಡುವುದು ಇಷ್ಟೇ: ಪ್ರತಿಯೊಂದು ಕನ್ನಡ ಶಾಲೆಗೆ ಒಂದು ಗಾಜಿನ ಪಟ್ಟಕವನ್ನು ಕೊಡಿಸಿರಿ. ಕಿಟಕಿಯ ಬಿಸಿಲು ಗೋಡೆಯ ಮೇಲೆ ಏಳು ಬಣ್ಣವಾದಾಗ ಮಗುವು “ಇದೇಕೆ?” ಎಂದು ತನ್ನ ನುಡಿಯಲ್ಲಿಯೇ ಕೇಳಲಿ. ಜಮಖಂಡಿಯ ಮೂರು ಗೆರೆಗಳ ಕಥೆಯನ್ನು ಆಗ ನಾವು ಹೇಳುವೆವು.