ಯಾತ್ರಿಕನ ಗಂಟು

(ಶ್ರೀಮಠದ ಸುವರ್ಣ ಮಹೋತ್ಸವದ ಅಂಗವಾಗಿ ನೆರೆದ ಭಕ್ತಸಭೆಯಲ್ಲಿ ಮಾಡಿದ ಉಪನ್ಯಾಸ)



ಮಹೋತ್ಸವದ ಈ ದಿನಗಳಲ್ಲಿ ವಿದ್ವಾಂಸರು ಷಟ್‌ಸ್ಥಲವನ್ನು ಕುರಿತೂ ವಚನಶಾಸ್ತ್ರವನ್ನು ಕುರಿತೂ ಗಂಭೀರವಾದ ಉಪನ್ಯಾಸಗಳನ್ನು ಮಾಡಿದ್ದಾರೆ. ನನ್ನ ಪಾಲಿಗೆ ಬಂದ ವಿಷಯವಾದರೋ ಅತಿ ಸಾಮಾನ್ಯವಾದುದು. ದೂರದ ದಾರಿಗೆ ಹೊರಟವನು ತನ್ನ ಗಂಟಿನಲ್ಲಿ ಏನನ್ನು ಕಟ್ಟಬೇಕು, ಏನನ್ನು ಮನೆಯಲ್ಲಿಯೇ ಬಿಡಬೇಕು ಎಂಬುದಷ್ಟೇ ಅದು. ಆದರೆ ಯುಗಾದಿಗೆ ಮುನ್ನ ಶ್ರೀಶೈಲಕ್ಕೆ ಕಾಲ್ನಡೆಯಿಂದ ಹೊರಡತಕ್ಕವರು ಈ ಸಭೆಯಲ್ಲಿಯೇ ಬಹುಮಂದಿ ಇರುವುದರಿಂದ, ತತ್ತ್ವವಿಚಾರದ ನಡುವೆ ಈ ಸಣ್ಣ ಮಾತಿಗೂ ಎಡೆಯುಂಟೆಂದು ಭಾವಿಸಿದ್ದೇನೆ.

ಜಂಗಮವೆಂದರೆ ಚಲಿಸುವುದು. ಚಲಿಸುವವನಿಗೆ ಭಾರವು ಒಲ್ಲದು. ನಮ್ಮ ಹಿರಿಯ ಚರಮೂರ್ತಿಗಳು ಒಂದು ಜೋಳಿಗೆ, ಒಂದು ಬೆತ್ತ, ಒಂದು ಕಂಬಳಿ, ಒಂದು ವಿಭೂತಿಯ ಗಟ್ಟಿ ಇಷ್ಟನ್ನೇ ಹೊಂದಿ ಊರಿಂದೂರಿಗೆ ಸಂಚರಿಸುತ್ತಿದ್ದರು. ಇಷ್ಟಲಿಂಗವು ಎದೆಯ ಮೇಲೆಯೇ ಇರುವುದರಿಂದ ಪೂಜೆಗೆಂದು ಬೇರೆ ಪೆಟ್ಟಿಗೆಯನ್ನು ಹೊರುವ ಅಗತ್ಯವು ಅವರಿಗಿರಲಿಲ್ಲ. ಅಕ್ಕಮಹಾದೇವಿಯವರು ಉಡುತಡಿಯಿಂದ ಕಲ್ಯಾಣಕ್ಕೂ, ಅಲ್ಲಿಂದ ಶ್ರೀಶೈಲದ ಕದಳಿಗೂ ನಡೆದುದನ್ನು ತಾವೆಲ್ಲರೂ ಬಲ್ಲಿರಿ. ಅವರ ಗಂಟಿನಲ್ಲಿ ಏನಿದ್ದಿತೆಂದು ಕೇಳುವವರುಂಟೆ? ನಾವು ಅವರಂತೆ ನಡೆಯಲಾರೆವು. ಆದರೂ ನಮ್ಮ ಗಂಟನ್ನು ಒಮ್ಮೆ ಬಿಚ್ಚಿ ನೋಡಿಕೊಳ್ಳಬಲ್ಲೆವು.

ಮೊದಲು ಒಂದು ಲೆಕ್ಕ. ವಿಜಯಪುರ, ಬಾಗಲಕೋಟೆ, ಬೆಳಗಾವಿಯ ಕಡೆಯಿಂದ ಹೊರಡುವ ಮಲ್ಲಯ್ಯನ ಭಕ್ತರು ದಿನಕ್ಕೆ ಸುಮಾರು 30 ಕಿಲೋಮೀಟರು ನಡೆಯುವರೆಂದು ಇಟ್ಟುಕೊಳ್ಳೋಣ. ಹೆಜ್ಜೆಯೊಂದಕ್ಕೆ ಮುಕ್ಕಾಲು ಮೀಟರಿನಂತೆ ಎಣಿಸಿದರೆ ಅದು 40,000 ಹೆಜ್ಜೆಯಾಯಿತು. ಹತ್ತು ದಿನಕ್ಕೆ ನಾಲ್ಕು ಲಕ್ಷ. ಮನೆಯ ಹೊಸ್ತಿಲಲ್ಲಿ ಬೆರಳಿನಿಂದ ಎತ್ತಬಹುದಾದ ಎರಡು ಕಿಲೋ ತೂಕವನ್ನು ನಾಲ್ಕು ಲಕ್ಷ ಬಾರಿ ಹೊತ್ತು ಹೆಜ್ಜೆಯಿಡಬೇಕಾದೀತು. ಗಂಟು ಕಟ್ಟುವಾಗ ಮನಸ್ಸು ಒಂದು ದಿನದ ಭಾರವನ್ನು ಮಾತ್ರ ನೋಡುತ್ತದೆ. ಮಂಡಿಯಾದರೋ ಹತ್ತು ದಿನದ ಭಾರವನ್ನು ಲೆಕ್ಕವಿಡುತ್ತದೆ.

ಹಾಗಾದರೆ ಏನನ್ನು ಒಯ್ಯಬೇಕು? ಮೈಮೇಲೆ ಒಂದು ಜೊತೆ ಬಟ್ಟೆ, ಗಂಟಿನಲ್ಲಿ ಒಂದು ಜೊತೆ. ಚೈತ್ರದ ಬಿಸಿಲಿಗೆ ತೆಳುವಾದ ಹತ್ತಿಯ ಬಟ್ಟೆಯು ಒಂದು ಗಳಿಗೆಯಲ್ಲಿ ಒಣಗುವುದರಿಂದ ಮೂರನೆಯ ಜೊತೆಯು ಬರಿಯ ಹೊರೆ. ಕಂಬಳಿಯ ವಿಷಯದಲ್ಲಿ ಮಾತ್ರ ನಾನು ಹಿರಿಯರ ಪಕ್ಷ. ಅದು ಹಾಸಿಗೆಯೂ ಹೌದು, ಹೊದಿಕೆಯೂ ಹೌದು, ಅಕಾಲದ ಮಳೆಗೆ ಕೊಪ್ಪೆಯೂ ಹೌದು. ಒಂದು ವಸ್ತುವು ಮೂರು ಕೆಲಸ ಮಾಡಿದರೆ ಎರಡು ವಸ್ತುಗಳು ಮನೆಯಲ್ಲಿ ಉಳಿದಂತಾಯಿತು. ಬುತ್ತಿಗೆ ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ, ಒಂದು ತುಂಡು ಬೆಲ್ಲ, ಒಂದು ಹಿಡಿ ಪುಟಾಣಿ ಸಾಕು. ನಮ್ಮ ತಾಯಂದಿರು ಜೋಳದ ರೊಟ್ಟಿಯನ್ನು ಒಣಗಿಸಿ ಅದರ ನೀರಿನ ಭಾರವನ್ನೆಲ್ಲ ಕಳೆದು, ಅನೇಕ ದಿನ ಕೆಡದಂತೆ ಮಾಡುವ ಉಪಾಯವನ್ನು ಯಾವ ಪಾಠಶಾಲೆಗೂ ಹೋಗದೆ ಕಂಡುಕೊಂಡರು. ಪೇಟೆಯ ಬಣ್ಣದ ಪೊಟ್ಟಣಗಳು ಇದಕ್ಕಿಂತ ಹೆಚ್ಚಿನದೇನನ್ನೂ ಮಾಡಿಲ್ಲ; ದಾರಿಯ ಬದಿಗೆ ಕಸವನ್ನು ಮಾತ್ರ ಹೆಚ್ಚಿಸಿವೆ.

ಹಗುರಾಗುವೆವೆಂದು ಬಿಡಬಾರದುದನ್ನು ಬಿಡುವ ಹುಮ್ಮಸ್ಸೂ ಕೆಲವರಲ್ಲಿ ಉಂಟು. ಇದು ಅಪಾಯಕರವಾದುದು. ನೀರು ಲೀಟರಿಗೆ ಒಂದು ಕಿಲೋ ತೂಗುತ್ತದೆ. ಆದುದರಿಂದ ಅದನ್ನೇ ಮೊದಲು ಇಳಿಸಬೇಕೆಂದು ತೋರುವುದು ಸಹಜ. ಆದರೆ ರಾಯಚೂರು ಕರ್ನೂಲುಗಳ ಬಯಲಿನಲ್ಲಿ ಆ ಕಾಲಕ್ಕೆ ಬಿಸಿಲು 40 ಡಿಗ್ರಿಯನ್ನು ಮುಟ್ಟುವುದುಂಟು. ಬೆವರಿನೊಡನೆ ನೀರೂ ಉಪ್ಪೂ ಹೋಗಿ, ತಲೆ ತಿರುಗಿ, ಮಾತು ತೊದಲುವ ವೇಳೆಗೆ ಪ್ರಾಣಕ್ಕೇ ಸಂಚಕಾರ ಒದಗಿರುತ್ತದೆ. ಜೀವಜಲದ ಪುಡಿಯ ಒಂದು ಪೊಟ್ಟಣವು ಸುಮಾರು 20 ಗ್ರಾಮು. ಅದೂ ಇಲ್ಲವಾದರೆ ಒಂದು ಲೀಟರು ಶುದ್ಧವಾದ ನೀರಿಗೆ ಆರು ಸಣ್ಣ ಚಮಚ ಸಕ್ಕರೆ, ಅರ್ಧ ಸಣ್ಣ ಚಮಚ ಉಪ್ಪು, ಎರಡನ್ನೂ ಚಮಚದ ಅಂಚಿಗೆ ಸಮನಾಗಿ ಅಳೆದು ಬೆರೆಸಿದರಾಯಿತು. ಸಕ್ಕರೆಯ ಕಾಯಿಲೆ, ರಕ್ತದ ಒತ್ತಡಗಳಿಗೆ ನಿತ್ಯ ಔಷಧ ಸೇವಿಸುವವರು ಮಲ್ಲಯ್ಯನೇ ನೋಡಿಕೊಳ್ಳುವನೆಂದು ಗುಳಿಗೆಗಳನ್ನು ಬಿಟ್ಟು ಹೊರಡಕೂಡದು. ಆ ಗುಳಿಗೆಯ ತೂಕವೆಷ್ಟು? ಒಂದು ಬಿಲ್ವಪತ್ರೆಯಷ್ಟೂ ಇಲ್ಲ. ಪಾದರಕ್ಷೆಯು ಹೊಸದಾಗಿರಬಾರದು, ಯಾತ್ರೆಗೆಂದು ಹಿಂದಿನ ದಿನ ಕೊಂಡ ಕೆರವು ಎರಡನೆಯ ದಿನಕ್ಕೆ ಹಿಮ್ಮಡಿಯಲ್ಲಿ ಬೊಕ್ಕೆಯೆಬ್ಬಿಸಿ, ಗಂಟು ಎಷ್ಟೇ ಹಗುರವಾಗಿದ್ದರೂ ನಡಿಗೆಯನ್ನು ನಿಲ್ಲಿಸುತ್ತದೆ.

ಇಲ್ಲಿಯವರೆಗೆ ಹೇಳಿದುದು ಸುಲಭವಾದ ಭಾಗ. ನಾನು ಮುಖ್ಯವಾಗಿ ಅರಿಕೆ ಮಾಡಬೇಕೆಂದಿರುವುದು ಕಣ್ಣಿಗೆ ಕಾಣದ ಗಂಟಿನ ವಿಷಯ.

1930ನೆಯ ಇಸವಿ ಮಾರ್ಚ್ 12ರಂದು ಮಹಾತ್ಮಾ ಗಾಂಧಿಯವರು 78 ಮಂದಿ ಅನುಯಾಯಿಗಳೊಡನೆ ಸಾಬರಮತಿಯಿಂದ ದಾಂಡಿಗೆ ಹೊರಟರು. ದೂರವು 241 ಮೈಲಿ, ಅವಧಿಯು 24 ದಿನ. ಆ ತಂಡದಲ್ಲಿ ನಮ್ಮ ಮೋಟೆಬೆನ್ನೂರಿನ ಮೈಲಾರ ಮಹಾದೇವಪ್ಪನವರೂ ಇದ್ದರೆಂಬುದು ಕನ್ನಡಿಗರಿಗೆ ಅಭಿಮಾನದ ಸಂಗತಿ. 1911ರಲ್ಲಿ ಜನಿಸಿದ ಅವರು ಆಗಿನ್ನೂ ಎಳೆಯ ತರುಣರು. ಮುಂದೆ 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ ಗುಂಡಿಗೆ ಬಲಿಯಾದರು. ಈ ಯಾತ್ರಿಕರ ಹೆಗಲಲ್ಲಿ ಇದ್ದುದು ಒಂದೊಂದು ಚೀಲ; ಹಾಸಿಗೆ, ಒಂದು ಜೊತೆ ಬಟ್ಟೆ, ನೂಲುವ ತಕಲಿ, ದಿನಚರಿಯ ಪುಸ್ತಕ ಇಂಥವೇ ಅದರೊಳಗಿನ ಸಾಮಾನು. ಇದಕ್ಕಿಂತ ಹಗುರವಾದ ಯಾತ್ರೆ ಮತ್ತಾವುದೆಂದು ಯಾರಾದರೂ ಕೇಳಬಹುದು.

ಆದರೆ ಗಾಂಧಿಯವರಿಗೆ ತೃಪ್ತಿಯಾಗಲಿಲ್ಲ. ಮಾರ್ಚ್ 29ರಂದು ಸೂರತ್ ಜಿಲ್ಲೆಯ ಭಟಗಾಮದಲ್ಲಿ ತಂಡವು ತಂಗಿದ್ದಾಗ ಎರಡು ಸಂಗತಿಗಳು ಅವರ ಮನಸ್ಸನ್ನು ನೋಯಿಸಿದವು. ಯಾತ್ರಿಕರಿಗೆಂದು ಸೂರತ್ತಿನಿಂದ ಮೋಟಾರು ಲಾರಿಯಲ್ಲಿ ಹಾಲು ತರಿಸಲಾಗಿತ್ತು. ರಾತ್ರಿಯ ನಡಿಗೆಯಲ್ಲಿ ಬೆಳಕಿಗಾಗಿ ಸೀಮೆಎಣ್ಣೆಯ ದೊಡ್ಡ ದೀಪವನ್ನು ಒಬ್ಬ ಕೂಲಿಯ ತಲೆಯ ಮೇಲೆ ಹೊರಿಸಿ, ಅವನನ್ನು ಬೇಗ ನಡೆಯೆಂದು ಅವಸರಪಡಿಸಲಾಗಿತ್ತು. ಅಂದಿನ ಬಹಿರಂಗ ಸಭೆಯಲ್ಲಿಯೇ ಅವರು ತಮ್ಮನ್ನೂ ಸೇರಿಸಿಕೊಂಡು ಇಡೀ ತಂಡವನ್ನು ಕಟುವಾಗಿ ಖಂಡಿಸಿದರು. ತಮ್ಮ ಹೆಗಲ ಚೀಲ ಹಗುರವಾಗಿರುವುದು ಇನ್ನೊಬ್ಬನ ತಲೆ ಭಾರವಾಗಿರುವುದರಿಂದ ಎಂದಾದರೆ ಆ ಹಗುರಕ್ಕೆ ಅರ್ಥವೇನು ಎಂಬುದೇ ಅವರ ನೋವಾಗಿತ್ತೆಂದು ನಾನು ತಿಳಿದಿದ್ದೇನೆ.

ಶರಣಬಂಧುಗಳೆ, ನಮ್ಮ ಪಾದಯಾತ್ರೆಗಳನ್ನೂ ಈ ಒರೆಗೆ ಹಚ್ಚಿ ನೋಡಬೇಕಾಗಿದೆ. ಇಂದು ಅನೇಕ ತಂಡಗಳ ಹಿಂದೆ ಟ್ರ್ಯಾಕ್ಟರು, ಟೆಂಪೋಗಳು ಬರುತ್ತವೆ. ವೃದ್ಧರಿಗೆ, ಕಾಲು ಕೆಟ್ಟವರಿಗೆ, ಅಡಿಗೆಯ ಪಾತ್ರೆಗಳಿಗೆ ವಾಹನವು ಬೇಕು. ಅದನ್ನು ನಾನು ಆಕ್ಷೇಪಿಸತಕ್ಕವನಲ್ಲ. ಆದರೆ ವಾಹನವಿದೆಯೆಂಬ ಧೈರ್ಯದಿಂದ ಮಂಚವೊಂದನ್ನು ಬಿಟ್ಟು ಮಿಕ್ಕೆಲ್ಲವನ್ನೂ ಹೇರಿ ಕಳುಹಿಸುವುದು, ತಾವು ಕೈಬೀಸಿಕೊಂಡು ನಡೆಯುವುದು, ಸಂಜೆ ಆ ಹೊರೆಯನ್ನೆಲ್ಲ ಬಡಹುಡುಗನೊಬ್ಬನಿಂದ ಇಳಿಸುವುದು, ನಸುಕಿನಲ್ಲಿ ಮತ್ತೆ ಏರಿಸುವುದು ಇವೆಲ್ಲವೂ ಆ ದೀಪದ ಕಥೆಯೇ ಅಲ್ಲವೆ? ಅದೇ ದಾರಿಯಲ್ಲಿ ಕಂಬಿಯನ್ನು ಸ್ವಂತ ಹೆಗಲ ಮೇಲೆ ಹೊತ್ತು ನಡೆಯುವವರಿದ್ದಾರೆ. ಮರಗಾಲು ಕಟ್ಟಿಕೊಂಡು ನಡೆಯುವವರೂ ಇದ್ದಾರೆ! ಅವರಿಗೆ ಹೊರೆಯನ್ನು ಇನ್ನೊಬ್ಬರ ಮೇಲೆ ಹಾಕಬೇಕೆಂಬುದು ತೋಚಿದಂತೆಯೇ ಇಲ್ಲ.

ಇನ್ನು ದಾರಿಯ ದಾಸೋಹ. ಊರೂರಿನಲ್ಲಿ ಜನರು ಚಪ್ಪರ ಹಾಕಿ ಮಜ್ಜಿಗೆ, ಅಂಬಲಿ, ಅನ್ನಗಳನ್ನು ನೀಡುತ್ತಾರೆ. ದಣಿದವರ ಕಾಲನ್ನು ಒತ್ತುವ ಪುಣ್ಯಾತ್ಮರೂ ಉಂಟು. ನಮ್ಮ ಬುತ್ತಿಯು ಸಣ್ಣದಾಗಿರಲು ಕಾರಣ ನಮ್ಮ ವೈರಾಗ್ಯವಲ್ಲ, ಅವರ ಔದಾರ್ಯ. ಮಳೆ ಕೈಕೊಟ್ಟ ವರ್ಷದಲ್ಲಿಯೂ ಒಬ್ಬ ಒಕ್ಕಲಿಗನು ತನ್ನ ಕಣಜದಿಂದ ಜೋಳವನ್ನು ತೆಗೆದು ನಮಗೆ ಉಣಿಸುತ್ತಾನೆಂಬುದನ್ನು ನೆನೆದರೆ, ಎಲೆಯಲ್ಲಿ ಅನ್ನವನ್ನು ಬಿಟ್ಟೇಳುವ ಮನಸ್ಸಾಗದು. ತಮ್ಮದೇ ಒಂದು ಲೋಟ, ಒಂದು ತಟ್ಟೆ ಗಂಟಿನಲ್ಲಿದ್ದರೆ ಅವರ ಅಂಗಳದಲ್ಲಿ ಕಾಗದದ ಲೋಟಗಳ ರಾಶಿ ಬೀಳುವುದಿಲ್ಲ. ನನ್ನ ಎಣಿಕೆಯಲ್ಲಿ ಆ ಲೋಟ ತಟ್ಟೆಗಳು ಹೊರೆಗೆ ಸೇರಿದವಲ್ಲ.

ಆತ್ಮಕೂರನ್ನು ದಾಟಿ ವೆಂಕಟಾಪುರದಿಂದ ಮುಂದಕ್ಕೆ ನಲ್ಲಮಲದ ಅಡವಿ. ನಾಗಲೂಟಿ, ಪೆದ್ದಚೆರುವು, ಭೀಮನ ಕೊಳ್ಳ, ಕೊನೆಗೆ ಕೈಲಾಸ ಬಾಗಿಲು. ಭೀಮನ ಕೊಳ್ಳದಿಂದ ಮೇಲೇರುವ ಕಡಿದಾದ ಮೆಟ್ಟಿಲುಗಳಲ್ಲಿ ಗಂಟಿನ ಒಂದೊಂದು ತೊಲವೂ ತನ್ನ ಹೆಸರನ್ನು ಹೇಳುತ್ತದೆ. ಅಲ್ಲಿಯೇ ಅನೇಕರು ಹೊದಿಕೆಯನ್ನೂ ಹರಿದ ಕೆರವನ್ನೂ ನೀರಿನ ಪ್ಲಾಸ್ಟಿಕ್ ಬಾಟಲಿಗಳನ್ನೂ ಎಸೆದು ಹಗುರಾಗುತ್ತಾರೆ. ಇದು ಹುಲಿಗಳ ಸಂರಕ್ಷಿತಾರಣ್ಯ. ಅಲ್ಲಿಯ ಜಿಂಕೆ ಕಡವೆಗಳು ಉಪ್ಪಿನ ರುಚಿಗೆ ಪ್ಲಾಸ್ಟಿಕ್ ಚೀಲಗಳನ್ನು ತಿಂದರೆ ಅವು ಕರುಳಿನಲ್ಲಿ ಸಿಕ್ಕಿ ಸಾಯಬಹುದು. ಮನೆಯಲ್ಲಿ ಬಿಡದೆ ಅಡವಿಯಲ್ಲಿ ಬಿಟ್ಟ ಭಾರವನ್ನು ಆ ಮೂಕಪ್ರಾಣಿಯು ಹೊರಬೇಕಾಗುತ್ತದೆ. ಹೊರಡುವ ಮುನ್ನ ಒಂದು ಖಾಲಿ ಕೈಚೀಲವನ್ನು ಮಡಿಸಿ ಇಟ್ಟುಕೊಂಡು, ತನ್ನ ಕಸವನ್ನು ತಾನೇ ಹೊತ್ತು ಗುಡ್ಡವಿಳಿಯುವ ಯಾತ್ರಿಕನ ಗಂಟು ಕೊನೆಗೆ ತುಸು ಭಾರವಾದರೂ ಆಗಲಿ.

ಮುಂದಿನ ಯುಗಾದಿಗೆ ಹೊರಡತಕ್ಕವರಲ್ಲಿ ಒಂದು ಬಿನ್ನಹ. ಹೊರಡುವ ಎಂಟು ದಿನ ಮೊದಲೇ ಗಂಟನ್ನು ಕಟ್ಟಿ, ಅದನ್ನು ಹೆಗಲಿಗೇರಿಸಿ, ಊರ ಹೊರಗಿನ ಹೊಲದವರೆಗೆ ಬೆಳಗ್ಗೆ ಎರಡು ಹರದಾರಿ ನಡೆದು ಬನ್ನಿರಿ. ಹಿಂದಿರುಗಿದ ಮೇಲೆ ಗಂಟನ್ನು ಬಿಚ್ಚಿ ಮನೆಯ ತಾಯಂದಿರ ಮುಂದೆ ಹರಡಿರಿ. ಯಾವುದನ್ನು ತೆಗೆಯಬೇಕೆಂಬುದನ್ನು ಅವರು ನನಗಿಂತ ಚೆನ್ನಾಗಿ ಹೇಳಬಲ್ಲರು.