ಸಂಕಟಕಾಲದ ಸಿಹಿ

(ಬಾನುಲಿ ಭಾಷಣ)



‘ಪಾಕ’ ಎಂಬುದು ನಮ್ಮ ಭಾಷೆಯಲ್ಲಿ ಬಹಳ ದುಡಿದಿರುವ ಮಾತು. ಅಡುಗೆಯೂ ಪಾಕವೇ, ಬೆಲ್ಲವನ್ನೋ ಸಕ್ಕರೆಯನ್ನೋ ಕುದಿಸಿ ಎಳೆ ಬರಿಸಿದರೆ ಅದೂ ಪಾಕವೇ. ಚೆನ್ನಾಗಿ ಮಾಗಿದ್ದು ಪರಿಪಾಕ. ಮಾಡಿದ ಕರ್ಮ ಫಲ ಕೊಡುವ ಹಂತಕ್ಕೆ ಬಂದರೆ ವಿಪಾಕ. ನಮ್ಮ ಲಾಕ್ಷಣಿಕರು ಕಾವ್ಯವನ್ನೂ ಈ ಒಲೆಯ ಬಳಿಗೇ ತಂದರು. ಬಾಯಿಗಿಟ್ಟೊಡನೆ ರಸ ಕೊಡುವ ಶೈಲಿ ದ್ರಾಕ್ಷಾಪಾಕ. ಸಿಪ್ಪೆ ಸುಲಿದು ಸವಿಯಬೇಕಾದದ್ದು ಕದಲೀಪಾಕ. ಒಡೆದು ಶ್ರಮಪಟ್ಟ ಮೇಲೆ ದಕ್ಕುವುದು ನಾರಿಕೇಳಪಾಕ. ಮೂವತ್ತು ವರ್ಷಗಳ ಕಾಲ ನಾನು ಈ ಮೂರು ಪಾಕಗಳನ್ನು ತರಗತಿಯಲ್ಲಿ ವಿವರಿಸಿದವನು. ಇಂದು ಹೇಳಹೊರಟಿರುವುದು ಅಡುಗೆಮನೆಯ ಇನ್ನೊಂದು ಪಾಕದ ವಿಷಯ: ಸಕ್ಕರೆಯನ್ನು ನೀರು ಹಾಕದೆ ಒಲೆಯ ಮೇಲಿಟ್ಟು ಕಂದುಬಣ್ಣಕ್ಕೆ ತಿರುಗಿಸುವ ಪಾಕ, ಕ್ಯಾರಮೆಲ್. ಮನೆಗೆ ಸಂಕಟ ಒದಗಿದಾಗ ಇಂಥ ಪಾಕ ಹಿಡಿದು ಸಿಹಿ ಮಾಡುವುದು ಉಚಿತವೇ? ಅದರಿಂದ ದೊರೆಯುವ ಸಮಾಧಾನ ನಿಜವಾದದ್ದೇ? ಇವು ನನ್ನ ಪ್ರಶ್ನೆಗಳು.

ನಮ್ಮ ಸಂಪ್ರದಾಯದಲ್ಲಿ ಸಿಹಿಗೆ ಗೊತ್ತಾದ ಕಾಲಗಳಿವೆ. ನಾಮಕರಣ, ಮದುವೆ, ಹಬ್ಬ, ಮಗ ಪರೀಕ್ಷೆಯಲ್ಲಿ ತೇರ್ಗಡೆಯಾದ ದಿನ, ಹೀಗೆ. ಸಾವಾದ ಮನೆಯಲ್ಲಿ ಅಂದು ಒಲೆ ಹಚ್ಚುವುದಿಲ್ಲ. ನೆರೆಯವರೋ ನಂಟರೋ ಅನ್ನ ಸಾರು ತಂದುಕೊಡುತ್ತಾರೆ. ಸೂತಕ ಕಳೆದ ಮೇಲೆ, ಹಲವು ಮನೆಗಳಲ್ಲಿ ಹದಿಮೂರನೆಯ ದಿನ, ಸಿಹಿಯೂಟ ನಡೆಯುತ್ತದೆ. ದುಃಖಕ್ಕೂ ಒಂದು ಮೇರೆಯಿರಲಿ, ಉಳಿದವರು ಬದುಕಿನ ಕಡೆಗೆ ಮುಖ ತಿರುಗಿಸಲಿ ಎಂಬ ವಿವೇಕ ಅದರಲ್ಲಿದೆ. ಯುಗಾದಿಯ ಬೇವು ಬೆಲ್ಲದ ಅರ್ಥವನ್ನಂತೂ ಮಕ್ಕಳೂ ಬಲ್ಲರು. ಆದರೆ ಈ ಏರ್ಪಾಡಿನಲ್ಲಿ ಒಂದು ತೆರವಿದೆ. ಸುಖವೂ ಅಲ್ಲದ, ಶೋಕವೂ ಅಲ್ಲದ ದಿನಗಳು ಮನೆಗೆ ಬರುತ್ತವೆ. ರೋಗಿ ಆಸ್ಪತ್ರೆಯಲ್ಲಿದ್ದಾನೆ, ಇಲ್ಲವೆ ಕಾರ್ಖಾನೆ ಮುಚ್ಚುವ ಸುದ್ದಿಯಿದೆ, ಆಜ್ಞೆ ಬಂದಿಲ್ಲ. ಏನಾಗುವುದೋ ತಿಳಿಯದು, ಮಾಡುವುದಕ್ಕೂ ಏನೂ ಇಲ್ಲ. ಅಂಥ ದಿನಗಳಲ್ಲಿ ಹರಕೆ ಹೊರುವುದುಂಟು. ಅದನ್ನು ತೀರಿಸುವುದು ಸಂಕಟ ಕಳೆದ ಮೇಲಿನ ಮಾತು. ಬರಿಯ ಕಾಯುವಿಕೆಗೆ ಮಾತ್ರ ನಮ್ಮಲ್ಲಿ ವಿಧಿಯಿಲ್ಲ, ಗೊತ್ತಾದ ಅಡುಗೆಯೂ ಇಲ್ಲ.

ಹಾಗೆಂದು ಸಂಕಟಕ್ಕೂ ಸಿಹಿಗೂ ನಂಟೇ ಇಲ್ಲವೆನ್ನುವಂತಿಲ್ಲ. ಧಾರವಾಡದ ಪೇಡೆಯನ್ನು ನೋಡಿ. ಉತ್ತರ ಪ್ರದೇಶದ ಉನ್ನಾವ್ ಕಡೆಯ ಠಾಕೂರ್ ಮನೆತನದವರು ಪ್ಲೇಗಿಗೆ ಬೆದರಿ ಊರು ಬಿಟ್ಟು ಧಾರವಾಡಕ್ಕೆ ಬಂದರೆಂದೂ, ಹೊಟ್ಟೆಪಾಡಿಗಾಗಿ ಪೇಡೆ ಮಾಡಿ ಮಾರತೊಡಗಿದರೆಂದೂ ಅದರ ಚರಿತ್ರೆಯನ್ನು ಹೇಳುತ್ತಾರೆ. ಇಂದು ಭೌಗೋಳಿಕ ಸೂಚಕದ ಮಾನ್ಯತೆ ಪಡೆದಿರುವ ಆ ಪೇಡೆಯ ವಿಶೇಷವಿರುವುದು ಅದರ ಕಂದುಬಣ್ಣದಲ್ಲಿ. ಹಾಲನ್ನು ಖೋವಾ ಮಾಡಿ, ಸಕ್ಕರೆಯೊಂದಿಗೆ ಮತ್ತೆ ಮತ್ತೆ ಹುರಿದು, ಸೀದುಹೋಗದಂತೆ, ಆದರೆ ಸೀಯುವುದಕ್ಕೆ ತುಸುವೇ ಮುಂಚೆ ಇಳಿಸಬೇಕು. ಮನೆ ಮಠ ಬಿಟ್ಟು ಬಂದವರ ಕೈಯಲ್ಲಿ ಬೆಂಕಿಯ ಅಂಚಿನವರೆಗೆ ಹೋಗಿ ಬರುವ ಒಂದು ಸಿಹಿ ನಮ್ಮ ನಾಡಿಗೆ ದಕ್ಕಿತು.

ಅಡುಗೆಯನ್ನು ಬರವಣಿಗೆಗೆ ಅರ್ಹವೆಂದು ಎಣಿಸಿದ ಭಾಷೆ ನಮ್ಮದು. ಹನ್ನೊಂದನೆಯ ಶತಮಾನದಲ್ಲಿಯೇ ಎರಡನೆಯ ಚಾವುಂಡರಾಯನ ‘ಲೋಕೋಪಕಾರ’ದಲ್ಲಿ ಪಾಕವಿಷಯಕ್ಕೆ ಎಡೆಯಿದೆ. ಹದಿನಾರನೆಯ ಶತಮಾನದ ಆರಂಭದಲ್ಲಿ ಮೂರನೆಯ ಮಂಗರಸ ‘ಸೂಪಶಾಸ್ತ್ರ’ವೆಂದು ಅಡುಗೆಯ ಮೇಲೆಯೇ ಪದ್ಯಗ್ರಂಥ ರಚಿಸಿದ. ಅದರಲ್ಲಿ ಬರುವ ರೊಟ್ಟಿಗಳ ಪೈಕಿ ಮುಚ್ಚಳರೊಟ್ಟಿ ಎಂಬುದೊಂದುಂಟು: ಮುಚ್ಚಿದ ಪಾತ್ರೆಯಲ್ಲಿಟ್ಟು ಕೆಳಗೂ ಮೇಲೂ ಕೆಂಡದ ಕಾವು ಕೊಟ್ಟು ಬೇಯಿಸುವಂಥದು. ಓವನ್ ಎಂಬ ಪೆಟ್ಟಿಗೆ ಮಾಡುವುದೂ ಅದನ್ನೇ. ಮುಂದೆ ಹಾಸನದ ಕಡೆಯಿಂದ ಬಂದ ಅಯ್ಯಂಗಾರರು ಮೊಟ್ಟೆಯಿಲ್ಲದ ಕೇಕು, ಬೆಣ್ಣೆ ಬಿಸ್ಕತ್ತು, ಖಾರದ ಬನ್ನುಗಳನ್ನು ಬೆಂಗಳೂರಿನ ಬೀದಿಬೀದಿಗೂ ಹಬ್ಬಿಸಿದರು.

ನಾನು ಹೇಳಬೇಕೆಂದಿರುವ ಬ್ರೌನಿ ಮಾತ್ರ ಅಮೆರಿಕದ್ದು. ಬಾಸ್ಟನ್ನಿನ ಫ್ಯಾನಿ ಫಾರ್ಮರ್ ಎಂಬಾಕೆ ೧೮೯೬ರಲ್ಲಿ ಪ್ರಕಟಿಸಿದ ಅಡುಗೆ ಪುಸ್ತಕದಲ್ಲಿ ಆ ಹೆಸರಿನ ತಿನಿಸಿಗೆ ಚಾಕೊಲೇಟೇ ಇರಲಿಲ್ಲ. ಕಂದುಬಣ್ಣ ಬರುತ್ತಿದ್ದುದು ಕಾಕಂಬಿಯಿಂದ. ೧೯೦೬ರ ಆವೃತ್ತಿಯಲ್ಲಿ ಚಾಕೊಲೇಟಿನ ಬ್ರೌನಿ ಕಾಣಿಸಿಕೊಂಡಿತು. ಕಬ್ಬಿನ ಗಾಣ, ಕೊಪ್ಪರಿಗೆ, ಆಲೆಮನೆಯ ವಾಸನೆ ಬಲ್ಲ ನಮಗೆ ಈ ವಂಶಾವಳಿ ಪೂರ್ತಿ ಪರಕೀಯವೆನಿಸಬೇಕಾಗಿಲ್ಲ.

ಈ ತಿನಿಸು ಬಾಗಲಗುಂಟೆಯ ನಮ್ಮ ಮನೆಗೆ ಬಂದದ್ದು ಹೇಗೆಂಬುದನ್ನು ಈಗ ಹೇಳಬೇಕು. ನಮ್ಮದು ಪೀಣ್ಯದ ಕಾರ್ಖಾನೆಗಳ ನೆರಳಿನಲ್ಲಿರುವ ಬಡಾವಣೆ. ಅಲ್ಲಿನ ಪಾಳಿಗಳಿಗೆ ತಕ್ಕಂತೆ ನಮ್ಮ ಬೀದಿ ಏಳುತ್ತದೆ, ಮಲಗುತ್ತದೆ. ೨೦೨೦ರ ಮಾರ್ಚ್ ೨೫ರಂದು ದೇಶಕ್ಕೆ ದೇಶವೇ ಬಾಗಿಲು ಹಾಕಿಕೊಂಡಾಗ ಲೇತುಗಳ ಸದ್ದು ನಿಂತು, ಕೆರೆಯ ಕಡೆಯ ಹಕ್ಕಿಗಳ ದನಿ ಕೇಳುವಂತಾಯಿತು. ಆ ಮೌನ ನಮ್ಮಲ್ಲಿ ಯಾರಿಗೂ ಹಿತವೆನಿಸಲಿಲ್ಲ. ಅದರ ಬೆನ್ನಿಗೇ ಸಂಬಳದ ಚಿಂತೆಯಿತ್ತು. ನನ್ನ ಮಗನಿಗೂ ಕೆಲವು ತಿಂಗಳು ಅರ್ಧ ಸಂಬಳ. ಅದನ್ನು ಹೇಗೋ ದಾಟಿದೆವು. ಮರುವರ್ಷ, ೨೦೨೧ರ ಏಪ್ರಿಲ್ ಕೊನೆಯಲ್ಲಿ, ಎರಡನೆಯ ಅಲೆಯಲ್ಲಿ ಅವನೇ ಕಾಯಿಲೆ ಬಿದ್ದ. ಆಸ್ಪತ್ರೆಯಲ್ಲಿ ಹಾಸಿಗೆ ಸಿಕ್ಕಿತು. ನೋಡಲು ಹೋಗುವಂತಿಲ್ಲ. ಸಂಜೆ ಏಳರ ಸುಮಾರಿಗೆ ಒಂದು ದೂರವಾಣಿ ಕರೆ ಬರುತ್ತಿತ್ತು. ಆಮ್ಲಜನಕದ ಅಂಕಿಯೊಂದನ್ನು ಹೇಳಿ ಅತ್ತಲಿನವರು ಇಟ್ಟುಬಿಡುತ್ತಿದ್ದರು. ಮುಂದಿನ ಇಪ್ಪತ್ತನಾಲ್ಕು ಗಂಟೆಯ ನಮ್ಮ ಪ್ರಪಂಚ ಆ ಅಂಕಿಯ ಮೇಲೆ ನಿಂತಿರುತ್ತಿತ್ತು.

ಮೂರನೆಯ ದಿನವೋ ನಾಲ್ಕನೆಯ ದಿನವೋ, ಕರೆ ಬಂದು ಹೋದ ಮೇಲೆ, ನನ್ನ ಸೊಸೆ ಅಡುಗೆಮನೆಯ ದೀಪ ಹಾಕಿ ಸಕ್ಕರೆಯ ಡಬ್ಬ ತೆಗೆದಳು. ಒಂಬತ್ತು ವರ್ಷದ ಮೊಮ್ಮಗಳು ಪಕ್ಕದಲ್ಲಿ ಸ್ಟೂಲಿನ ಮೇಲೆ ಕುಳಿತಳು. ನಾನು ಬಾಗಿಲ ಬಳಿ ಕುರ್ಚಿ ಹಾಕಿಕೊಂಡೆ. ದಪ್ಪ ತಳದ ಬಾಣಲೆಯಲ್ಲಿ ಸಕ್ಕರೆಯನ್ನು ತೆಳ್ಳಗೆ ಹರಡಿ ಸಣ್ಣ ಉರಿಯಲ್ಲಿಟ್ಟಳು. ಮೊದಲಿಗೆ ಬಹಳ ಹೊತ್ತು ಏನೂ ಆಗುವುದಿಲ್ಲ. ಆಮೇಲೆ ಅಂಚಿನಲ್ಲಿ ಕರಗುತ್ತದೆ. ಜೇನಿನ ಬಣ್ಣ, ಬೆಲ್ಲದ ಬಣ್ಣ, ಕಡೆಗೆ ತಾಮ್ರದ ಬಣ್ಣ. ನಮ್ಮ ಒಂದೆಳೆಯ ಪಾಕ ನೂರು ಡಿಗ್ರಿಯನ್ನು ತುಸು ದಾಟಿದೊಡನೆ ಬರುತ್ತದೆ. ಇದಕ್ಕೆ ೧೭೦ ಡಿಗ್ರಿಯ ಆಸುಪಾಸಿನ ಕಾವು ಬೇಕು. ಎಳೆಪಾಕ ಏರಿದರೆ ನೀರು ಹಾಕಿ ಸರಿಪಡಿಸಬಹುದು. ಇಲ್ಲಿ ಆ ಅವಕಾಶವಿಲ್ಲ. ತಾಮ್ರದ ಬಣ್ಣಕ್ಕೂ ಕರಿಗೂ ನಡುವೆ ಇರುವುದು ಕೆಲವೇ ಕ್ಷಣ. ಆ ಕ್ಷಣದಲ್ಲಿ ಬೆಣ್ಣೆ ಹಾಕಬೇಕು. ಅದು ಭುಸ್ಸೆಂದು ಉಕ್ಕುತ್ತದೆ. ಬಳಿಕ ಕೆನೆ, ಒಂದು ಚಿಟಿಕೆ ಉಪ್ಪು. ಮೈದಾ, ಕೋಕೋ ಪುಡಿ, ಬೆಣ್ಣೆ, ಸಕ್ಕರೆ, ಮೊಟ್ಟೆಗೆ ಬದಲಾಗಿ ಮೊಸರು ಕಲಸಿದ ಹಿಟ್ಟಿನ ಮೇಲೆ ಈ ಪಾಕವನ್ನು ಸುರಿದು, ಚಾಕುವಿನ ತುದಿಯಿಂದ ಗೆರೆ ಎಳೆದು ಓವನ್ನಿನಲ್ಲಿಟ್ಟರೆ ಅರ್ಧ ಗಂಟೆಯಲ್ಲಿ ಮನೆಯೆಲ್ಲ ಘಮಘಮ. ಅಂಗಡಿಗಳು ಬೆಳಗಿನ ಆರರಿಂದ ಹತ್ತರವರೆಗೆ ಮಾತ್ರ ತೆರೆದಿರುತ್ತಿದ್ದ ಕಾಲ. ಬೆಣ್ಣೆ ಸಿಕ್ಕದ ದಿನ ಮನೆಯ ತುಪ್ಪವೇ ಆಯಿತು.

ಮಗು ಈ ಸಂಗತಿಯನ್ನು ನನ್ನ ಅಕ್ಕನಿಗೆ ಫೋನಿನಲ್ಲಿ ಹೇಳಿಬಿಟ್ಟಿತು. ಅಕ್ಕ ಹಿಂದಿನ ಕಾಲದವರು; ನನ್ನ ಮಗನ ಮೇಲೆ ಪ್ರಾಣ ಇಟ್ಟುಕೊಂಡವರು. “ಏನಮ್ಮಾ ಇದು! ಗಂಡ ಆಸ್ಪತ್ರೇಲಿ ಮಲಗಿರೋವಾಗ ಯಾರಾದ್ರೂ ಸಿಹಿ ಮಾಡ್ತಾರೇನೆ?” ಎಂದರು. ಸೊಸೆ ತಡವರಿಸಲಿಲ್ಲ. “ಹಬ್ಬ ಮಾಡ್ತಿಲ್ಲ ದೊಡ್ಡತ್ತೆ. ಕೈ ಸುಮ್ನಿದ್ರೆ ತಲೆ ಸುಮ್ನಿರಲ್ಲ. ಅದು ಒಲೆ ಮೇಲಿರೋ ಹತ್ತು ನಿಮಿಷ ಬೇರೇನೂ ಯೋಚನೆ ಮಾಡೋಕಾಗಲ್ಲ, ಅಷ್ಟಕ್ಕೇ ಮಾಡ್ತೀನಿ,” ಎಂದಳು. ಅಕ್ಕ ಸ್ವಲ್ಪ ಹೊತ್ತು ಸುಮ್ಮನಿದ್ದು, “ಮಗೂಗೆ ಜಾಸ್ತಿ ಕೊಡಬೇಡ, ಕೆಮ್ಮಾಗುತ್ತೆ,” ಎಂದರಂತೆ.

ಅಕ್ಕನ ಮಾತಿನಲ್ಲಿ ತಪ್ಪಿಲ್ಲ. ಮನೆಯೊಬ್ಬ ನೋಯುತ್ತಿರುವಾಗ ಉಳಿದವರು ಸವಿಯುವುದು ಸಲ್ಲದು ಎಂಬ ಸಂಕೋಚ ಸಂಸ್ಕಾರದ ಗುರುತು. ಆದರೆ ಸೊಸೆಯ ಮಾತು ಬೇರೊಂದು ಸತ್ಯವನ್ನು ಮುಟ್ಟಿತ್ತು. ಸಮಾಧಾನವಿದ್ದದ್ದು ತಿನ್ನುವುದರಲ್ಲಿ ಅಲ್ಲ, ಮಾಡುವುದರಲ್ಲಿ. ಆಸ್ಪತ್ರೆಯ ಅಂಕಿ ನಮ್ಮ ಕೈಯಲ್ಲಿರಲಿಲ್ಲ. ಬಾಣಲೆಯ ಬಣ್ಣ ಇತ್ತು. ಆ ಪಾಕಕ್ಕೆ ಇಡಿಯ ಮನಸ್ಸು ಬೇಕು. ಅರ್ಧ ಮನಸ್ಸು ಕೊಟ್ಟರೆ ಕರಿಯಾಗುತ್ತದೆ. ಚಿಂತೆ ಮಾಡಬೇಡಿ ಎಂದು ಯಾರು ಹೇಳಿದರೂ ಚಿಂತೆ ಹೋಗುವುದಿಲ್ಲ. ಹತ್ತು ನಿಮಿಷ ಕಣ್ಣು ತೆಗೆಯದೆ ನೋಡಬೇಕಾದ ಕೆಲಸ ಎದುರಿಗಿದ್ದರೆ ಅದು ಹೊರಗೆ ನಿಂತು ಕಾಯುತ್ತದೆ.

ಇನ್ನೊಂದು ಸಂಗತಿ. ಸಕ್ಕರೆ ಹೀಗೆ ಕಾದಾಗ ಒಡೆದು ನೂರಾರು ಬೇರೆ ಬೇರೆ ಪದಾರ್ಥಗಳಾಗುತ್ತದೆಂದು ರಸಾಯನಶಾಸ್ತ್ರ ಹೇಳುತ್ತದೆ. ಸಿಹಿಯ ಒಂದು ಪಾಲು ಹೋಗಿ ಪರಿಮಳ ಬರುತ್ತದೆ, ಸಣ್ಣದೊಂದು ಕಹಿಯೂ ಬರುತ್ತದೆ. ಬೇವನ್ನು ಹೊರಗಿನಿಂದ ತರಬೇಕಾಗಿಲ್ಲ. ಸಂಭ್ರಮದ ಲಾಡುವಿಗಿಂತ ಈ ಪಾಕ ಆ ದಿನಗಳಿಗೆ ಒಪ್ಪಿದ್ದಕ್ಕೆ ಇದೂ ಕಾರಣವಿರಬಹುದು.

ನಮ್ಮ ಪಕ್ಕದ ಮನೆಯಲ್ಲಿ ಕಲಬುರಗಿ ಕಡೆಯ ಕುಟುಂಬವೊಂದಿದೆ. ಗಂಡಹೆಂಡಿರಿಬ್ಬರೂ ಪೀಣ್ಯದಲ್ಲಿ ದುಡಿಯುವವರು. ಆ ತಾಯಿ ದಿನ ಬಿಟ್ಟು ದಿನ ಜೋಳದ ರೊಟ್ಟಿಯನ್ನೋ ಶೇಂಗಾ ಉಂಡೆಯನ್ನೋ ಕಾಂಪೌಂಡಿನ ಗೋಡೆಯ ಮೇಲಿಟ್ಟು, ದೂರ ಸರಿದು, “ಅಕ್ಕಾರ, ಇಟ್ಟೀನ್ರಿ, ತಗೊಳ್ರಿ,” ಎಂದು ಕೂಗುತ್ತಿದ್ದಳು. ಅದೇ ಗೋಡೆಯ ಮೇಲೆ ನಮ್ಮ ಬ್ರೌನಿಯ ತುಂಡುಗಳು ಅತ್ತ ಹೋದವು. ಒಳಗೆ ಬರಗೊಡದ ರೋಗ ಗೋಡೆಯ ಮೇಲಿನ ತಟ್ಟೆಯನ್ನು ತಡೆಯಲಾರದೆ ಹೋಯಿತು.

ಎಚ್ಚರಿಕೆಯ ಮಾತನ್ನೂ ಹೇಳಬೇಕು. ನಾನು ಸಕ್ಕರೆ ಕಾಯಿಲೆಯವನು. ನನ್ನ ಪಾಲಿಗೆ ಬರುತ್ತಿದ್ದುದು ಹುಣಸೆಬೀಜದಷ್ಟು. ದುಃಖವಾದಾಗಲೆಲ್ಲ ತಿನ್ನುವುದು ಅಭ್ಯಾಸವಾದರೆ ದುಃಖ ಕಡಿಮೆಯಾಗದೆ ಕಾಯಿಲೆ ಹೆಚ್ಚಾಗುತ್ತದೆ. ಸಿಹಿ ಸಾಲ ತೀರಿಸುವುದಿಲ್ಲ, ಜ್ವರ ಇಳಿಸುವುದಿಲ್ಲ. ಆ ವರ್ಷ ನಮ್ಮ ಬೀದಿಯಲ್ಲೇ ಹಿಂತಿರುಗದೆ ಹೋದವರಿದ್ದಾರೆ. ಅವರ ಮನೆಯ ಅಡುಗೆಮನೆಗಳಲ್ಲೂ ಕೈಗಳು ಏನನ್ನೋ ಮಾಡಿರಬೇಕು. ಮಾಡಿದ್ದರಿಂದ ಫಲ ಬಂತು ಎಂದು ನಾನು ಹೇಳುತ್ತಿಲ್ಲ.

ಹದಿನೇಳನೆಯ ದಿನ ನನ್ನ ಮಗ ಮನೆಗೆ ಬಂದ, ಬಹಳ ಸೊರಗಿದ್ದ. ಮೊಮ್ಮಗಳು ಓಡಿಹೋಗಿ ಆಗತಾನೆ ಓವನ್ನಿನಿಂದ ತೆಗೆದ ಒಂದು ತುಂಡನ್ನು ತಟ್ಟೆಯಲ್ಲಿ ತಂದಳು. ಅವನು ಬಾಯಿಗಿಟ್ಟು ನಿಧಾನವಾಗಿ ಅಗಿದ. ಆ ಕಾಯಿಲೆ ಅನೇಕರಿಂದ ವಾಸನೆಯನ್ನೂ ರುಚಿಯನ್ನೂ ಕಸಿದುಕೊಂಡದ್ದು ನಿಮಗೆ ನೆನಪಿರಬಹುದು. ಅವನಿಗೆ ಸಿಹಿಯೂ ತಿಳಿಯಲಿಲ್ಲ, ಕಹಿಯೂ ತಿಳಿಯಲಿಲ್ಲ. “ಹೇಗಿದೆ ಅಪ್ಪಾ?” ಎಂದು ಮಗು ಕೇಳಿತು. “ಬೆಚ್ಚಗಿದೆ ಪುಟ್ಟೀ,” ಎಂದ. ಇನ್ನೊಂದು ತುಂಡು ಕೇಳಿ ಹಾಕಿಸಿಕೊಂಡ.

ರುಚಿಯೇ ಇಲ್ಲದ ನಾಲಗೆಗೂ ಒಂದು ಸಿಹಿತಿನಿಸು ತಲುಪಿಸಬಹುದಾದದ್ದು ಏನೋ ಇದೆ ಎಂದಾಯಿತು. ಅದು ಅಮೆರಿಕದ ಬ್ರೌನಿಯೇ ಆಗಬೇಕೆಂದಿಲ್ಲ. ಒಂದು ಮನೆಯಲ್ಲಿ ಅದು ಸಜ್ಜಿಗೆಯಾಗಬಹುದು, ಇನ್ನೊಂದರಲ್ಲಿ ರಾಗಿಯ ಅಂಬಲಿ, ಮತ್ತೊಂದರಲ್ಲಿ ಗೋಡೆಯ ಮೇಲಿಟ್ಟ ಶೇಂಗಾ ಉಂಡೆ. ಹಬ್ಬಕ್ಕೊಂದು ಅಡುಗೆ, ತಿಥಿಗೊಂದು ಅಡುಗೆ ಎಂದು ಗೊತ್ತುಮಾಡಿದ ನಮ್ಮ ಹಿರಿಯರು ಕಾಯುವ ದಿನಗಳ ಅಡುಗೆಯನ್ನು ನಮ್ಮ ಆಯ್ಕೆಗೇ ಬಿಟ್ಟಿದ್ದಾರೆ. ಪ್ರತಿ ಮನೆಯೂ ಅಂಥದೊಂದನ್ನು ಕಲಿತಿಟ್ಟುಕೊಂಡಿರುವುದು ಒಳ್ಳೆಯದು.