ಪಟ್ಟಿಯಲ್ಲಿ ಉಳಿದ ಹೆಸರು: ಸೆರಹ ಮತ್ತು ನಮ್ಮ ಮನೆ ವಂಶವೃಕ್ಷ

ಇವತ್ತು ಒಂದು ಹೆಸರಿನ ಬಗ್ಗೆ ಮಾತಾಡೋಣ. ಸೆರಹ. ಬೈಬಲ್ ಓದಿದವರಿಗೂ ಈ ಹೆಸರು ತಕ್ಷಣ ನೆನಪಾಗೋದು ಕಷ್ಟ. ಅಬ್ರಹಾಮನ ಹೆಂಡತಿ ಸಾರಾ ಬೇರೆ, ಇವಳು ಬೇರೆ. ಯಾಕೋಬನ ಮಗ ಆಶೇರ, ಆಶೇರನ ಮಗಳು ಸೆರಹ.

ಹೀಬ್ರೂ ಗ್ರಂಥಗಳಲ್ಲಿ ಇವಳ ಹೆಸರು ಬರೋದು ಮೂರೇ ಸಲ. ಮೂರೂ ವಂಶಾವಳಿಯ ಪಟ್ಟಿಗಳೇ. ಇವಳ ಬಾಯಲ್ಲಿ ಒಂದು ಮಾತಿಲ್ಲ, ಗಂಡ ಯಾರು ಅಂತ ಇಲ್ಲ, ಮಕ್ಕಳ ಸುದ್ದಿ ಇಲ್ಲ. ಆದಿಕಾಂಡದ 46ನೇ ಅಧ್ಯಾಯದಲ್ಲಿ ಯಾಕೋಬನ ಮನೆಯ 70 ಜನರ ಲೆಕ್ಕ ಇದೆ. ಹೆಣ್ಣುಮಕ್ಕಳು, ಮೊಮ್ಮಕ್ಕಳು ಎಲ್ಲರೂ ಜೊತೆಗೆ ಐಗುಪ್ತಕ್ಕೆ ಹೋದರು ಅಂತ ಅಲ್ಲೇ ಬರೆದಿದೆ. ಆದರೆ ಅವನ ಸಂತತಿಯ ಹೆಣ್ಣುಗಳಲ್ಲಿ ಹೆಸರು ಸಿಕ್ಕಿದ್ದು ಇಬ್ಬರಿಗೆ ಮಾತ್ರ: ಮಗಳು ದೀನ, ಮೊಮ್ಮಗಳು ಸೆರಹ.

ಯಾಕೆ ಇವಳ ಹೆಸರು ಮಾತ್ರ ಉಳೀತು? ಯೆಹೂದ್ಯ ಪರಂಪರೆ ಈ ಪ್ರಶ್ನೆಗೆ ಕತೆ ಕಟ್ಟಿತು. ಯೋಸೇಫ ಬದುಕಿದ್ದಾನೆ ಅಂತ ಮುದಿ ತಾತನಿಗೆ ಮೆಲ್ಲಗೆ ಹಾಡಿ ತಿಳಿಸಿದವಳು ಇವಳೇ ಅನ್ನುತ್ತೆ ಒಂದು ಕತೆ. 13ನೇ ಶತಮಾನದ ವ್ಯಾಖ್ಯಾನಕಾರ ನಹ್ಮಾನಿದೀಸ್ ಕೊಟ್ಟ ಕಾರಣ ಬೇರೆ: ಇವಳಿಗೆ ಆಸ್ತಿಯ ಹಕ್ಕಿತ್ತು, ಅದಕ್ಕೇ ಹೆಸರಿದೆ.

ಈ ಮಾತಿಗೆ ಆಧಾರ ಇದೆ. ಅರಣ್ಯಕಾಂಡ 26ರ ಜನಗಣತಿ ನಡೆದದ್ದೇ ಜಮೀನು ಹಂಚೋಕೆ. ಅದೇ ಪಟ್ಟಿಯಲ್ಲಿ ಚಲ್ಪಹಾದನ ಐದು ಹೆಣ್ಣುಮಕ್ಕಳೂ ಇದ್ದಾರೆ. ಮುಂದಿನ ಅಧ್ಯಾಯದಲ್ಲಿ ಅವರು ಮೋಶೆಯ ಎದುರು ನಿಂತು, ಗಂಡುಮಕ್ಕಳಿಲ್ಲದ ಅಪ್ಪನ ಪಾಲು ನಮಗೆ ಕೊಡಿ ಅಂತ ಕೇಳಿ ಪಡೆದರು. ಆಮೇಲೆ ಒಂದು ಷರತ್ತೂ ಬಂತು: ಜಮೀನು ಹೊರಗೆ ಹೋಗಬಾರದು, ಸ್ವಂತ ಕುಲದಲ್ಲೇ ಮದುವೆಯಾಗಬೇಕು.

ಈ ಮಾತು ನಮ್ಮ ಮಾಲೂರಿನವರಿಗೆ ಹೊಸದಲ್ಲ ಅಲ್ವಾ? ಲಕ್ಕೂರಾಗಲಿ, ಮಾಸ್ತಿಯಾಗಲಿ, ಟೇಕಲ್ ಆಗಲಿ, ಅಪ್ಪ ತೀರಿಕೊಂಡ ಮೇಲೆ ಪೌತಿ ಖಾತೆಗೆ ವಂಶವೃಕ್ಷ ಬೇಕು. ನಾಡಕಚೇರಿಗೆ ಅರ್ಜಿ ಹೋಗುತ್ತೆ. ಎಷ್ಟೋ ಮನೆಗಳಲ್ಲಿ ಅಣ್ಣತಮ್ಮಂದಿರ ಹೆಸರು ಬರೆದು, ಮದುವೆಯಾಗಿ ಹೋದ ಅಕ್ಕತಂಗಿಯರನ್ನ ಬಿಟ್ಟುಬಿಡ್ತಾರೆ. "ಅವಳಿಗೆ ಮದುವೇಲಿ ಕೊಟ್ಟಾಯ್ತಲ್ಲ" ಅನ್ನೋ ಮಾತು ಬೇರೆ.

ಕಾನೂನು ಹಾಗೆ ಹೇಳಲ್ಲ. ಹಿಂದೂ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಕರ್ನಾಟಕ 1994ರಲ್ಲೇ ಹೆಣ್ಣುಮಕ್ಕಳಿಗೆ ಸಮಪಾಲು ಕೊಟ್ಟಿತು. ಆದರೆ ಅದಕ್ಕೆ ಮುಂಚೆ ಮದುವೆಯಾದವರನ್ನ ಹೊರಗಿಟ್ಟಿತು. 2005ರ ಕೇಂದ್ರ ತಿದ್ದುಪಡಿ ಆ ಭೇದ ತೆಗೀತು. ಈ ಹಕ್ಕು ಹುಟ್ಟಿನಿಂದಲೇ ಬರುತ್ತೆ, 2005ರಲ್ಲಿ ಅಪ್ಪ ಬದುಕಿರಲೇಬೇಕು ಅಂತಿಲ್ಲ ಎಂದು 2020ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟ್ ಹೇಳಿತು. 2004ರ ಡಿಸೆಂಬರ್ 20ಕ್ಕೆ ಮುಂಚೆ ನೋಂದಣಿಯಾಗಿಯೋ ಕೋರ್ಟ್ ಮೂಲಕವೋ ಆದ ವಿಭಾಗಗಳನ್ನ ಇದು ಮುಟ್ಟಲ್ಲ.

ಪಾಲು ಬೇಡ ಅನ್ನೋದು ಅಕ್ಕನ ಇಷ್ಟ. ಅದಕ್ಕೆ ನೋಂದಣಿಯಾದ ಹಕ್ಕು ಬಿಡುಗಡೆ ಪತ್ರ ಇದೆ. ಆದರೆ ಹೆಸರನ್ನೇ ಬರೆಯದೆ ಇರೋದು ಅವಳ ಇಷ್ಟ ಅಲ್ಲ, ನಾವು ಮಾಡೋ ತೀರ್ಮಾನ. ಬಿಟ್ಟುಕೊಡೋಕೂ ಮೊದಲು ಅವಳು ಪಟ್ಟಿಯಲ್ಲಿ ಇರಬೇಕು.

ಈ ವಾರ ಊರಿಗೆ ಹೋದರೆ ಮನೆಯ ವಂಶವೃಕ್ಷ ತೆಗೆಸಿ ಒಂದು ಸಲ ಓದಿ. ಅತ್ತೆಯಂದಿರ ಹೆಸರು ಇದೆಯಾ? ಅಕ್ಕನದು? ಇಲ್ಲ ಅಂದರೆ ಯಾಕಿಲ್ಲ ಅಂತ ಕೇಳಿ.